ಹಳೇ ಕಾರು ಸಿಗ್ನಲ್‌ನಲ್ಲಿ ಅದುರಿ ಆಫ್ ಆಗುತ್ತಿದ್ದರೆ ಮೊದಲು ಏನು ನೋಡಬೇಕು?

ಕೇಳಿದವರು: ನಮ್ಮದು 1998ರ ಮಾರುತಿ 800, ಕಾರ್ಬೊರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ) ಗಾಡಿ. ರಸ್ತೆಯಲ್ಲಿ ಚೆನ್ನಾಗಿ ಓಡುತ್ತದೆ. ನಿಂತರೆ ಮಾತ್ರ ಸ್ಟೀರಿಂಗ್ ಸಮೇತ ಅದುರುತ್ತದೆ, ಒಮ್ಮೊಮ್ಮೆ ಆಫ್ ಆಗುತ್ತದೆ. ಕಾರ್ಬೊರೇಟರ್ ಹೊಸದು ಹಾಕಿಸಿ ಎನ್ನುತ್ತಿದ್ದಾರೆ ಮೆಕ್ಯಾನಿಕ್. ಹಾಕಿಸಲಾ?

ಶಿವಮೊಗ್ಗದಿಂದ: ಈಗಲೇ ಬೇಡ ಸರ್. ನಮ್ಮ ಗಾಡಿಗೂ ಇದೇ ಕಾಟ ಇತ್ತು. ಗ್ಯಾರೇಜಿಗೆ ಒಯ್ದಾಗಲೆಲ್ಲ ಐಡ್ಲಿಂಗ್ (ಗಾಡಿ ನಿಂತಾಗ ಇಂಜಿನ್ ಓಡುವುದು) ಸ್ಕ್ರೂ ತಿರುಗಿಸಿ ರೇಸ್ ಜಾಸ್ತಿ ಮಾಡಿ ಕಳಿಸುತ್ತಿದ್ದರು. ಸ್ವಲ್ಪ ದಿನ ಸರಿ, ಆಮೇಲೆ ಮತ್ತೆ ಅದೇ. ಕೊನೆಗೆ ಸಿಕ್ಕಿದ್ದು ಒಂದು ತುಂಡು ವ್ಯಾಕ್ಯೂಮ್ ಪೈಪ್, ಅಂದರೆ ಇಂಜಿನ್ ಗಾಳಿ ಎಳೆಯುವ ಕಡೆಗೆ ಸೇರಿಸಿದ ರಬ್ಬರ್ ಪೈಪ್. ಮೇಲಿನಿಂದ ಚೆನ್ನಾಗಿಯೇ ಕಾಣುತ್ತಿತ್ತು, ಬಗ್ಗಿಸಿ ನೋಡಿದರೆ ಕೆಳಗೆ ಸೀಳು.

ಅಲ್ಲಿಂದ ಲೆಕ್ಕಕ್ಕಿಲ್ಲದ ಗಾಳಿ ಒಳಗೆ ಹೋಗುತ್ತದೆ. ಗಾಡಿ ಓಡುವಾಗ ಇಂಜಿನ್ ಹೇಗೂ ಜಾಸ್ತಿ ಗಾಳಿ ಎಳೆಯುತ್ತಿರುವುದರಿಂದ ಗೊತ್ತಾಗುವುದಿಲ್ಲ. ಐಡ್ಲಿಂಗ್‌ನಲ್ಲಿ ಪೆಟ್ರೋಲೂ ಕಡಿಮೆ, ಗಾಳಿಯೂ ಕಡಿಮೆ, ಹಾಗಾಗಿ ಸಣ್ಣ ಸೀಳೇ ಸಾಕು. ಇಂಜಿನ್ ಚಾಲೂ ಇಟ್ಟು ಒಂದೊಂದೇ ರಬ್ಬರ್ ಪೈಪನ್ನು ಹಿಸುಕಿ ನೋಡಿ. ಫ್ಯಾನ್, ಬೆಲ್ಟ್ ಹತ್ತಿರ ಕೈ ಹೋಗದಂತೆ ಜೋಪಾನ. ಯಾವುದನ್ನು ಹಿಸುಕಿದಾಗ ಅದುರುವುದು ನಿಲ್ಲುತ್ತದೋ ಆ ಕಡೆಯೇ ಲೀಕ್. ಕಾರ್ಬೊರೇಟರ್ ಕೆಳಗಿನ ಗ್ಯಾಸ್ಕೆಟ್ಟೂ ನೋಡಿಸಿ.

ಪೈಪೆಲ್ಲ ಸರಿಯಿದ್ದರೆ ಸ್ಲೋ ಜೆಟ್ ಬಿಚ್ಚಿಸಿ. ನಿಂತಾಗ ಪೆಟ್ರೋಲ್ ಬರುವುದು ಅದರ ಮೂಲಕ. ತೂತು ಬಹಳ ಸಣ್ಣದು, ಚೂರು ಕಸಕ್ಕೂ ಕಟ್ಟಿಕೊಳ್ಳುತ್ತದೆ. ತಂತಿ ಹಾಕಿ ತಿವಿಯಲು ಮಾತ್ರ ಬಿಡಬೇಡಿ, ತೂತು ದೊಡ್ಡದಾದರೆ ಮತ್ತೆ ಟ್ಯೂನಿಂಗ್ ಕೂರುವುದಿಲ್ಲ. ಕ್ಲೀನರ್ ಹಾಕಿ ಗಾಳಿ ಹೊಡೆಸಿದರೆ ಸಾಕು. ಹಲವು ಕಾರ್ಬೊರೇಟರ್‌ಗಳಲ್ಲಿ ಐಡ್ಲಿಂಗ್ ಪೆಟ್ರೋಲ್ ಬಿಡಲು ಒಂದು ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ವಾಲ್ವ್) ಇರುತ್ತದೆ. ಕೀ ಆನ್ ಮಾಡಿದಾಗ ಅದು ಟಕ್ ಅನ್ನಬೇಕು. ಅನ್ನದಿದ್ದರೆ ಮೊದಲು ಅದರ ವೈರ್ ನೋಡಿ.

ಮಂಗಳೂರಿನಿಂದ: ಸ್ಪಾರ್ಕ್ ಪ್ಲಗ್ ಮರೆಯಬೇಡಿ. ಇದು ಮೂರೇ ಸಿಲಿಂಡರ್ ಗಾಡಿ, ಒಂದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಮಿಸ್ ಆದರೂ ಇಡೀ ಕಾರು ಕುಣಿಯುತ್ತದೆ. ಮೂರೂ ಪ್ಲಗ್ ಬಿಚ್ಚಿ ಪಕ್ಕಪಕ್ಕ ಇಟ್ಟು ನೋಡಿ. ತಿಳಿ ಕಂದು ಬಣ್ಣ ಇದ್ದರೆ ಒಳ್ಳೆಯದು. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಚೋಕ್ ಪೂರ್ತಿ ವಾಪಸ್ ಹೋಗದೇ ಇರಬಹುದು. ಬಿಳಿಚಿಕೊಂಡಿದ್ದರೆ ಗಾಳಿ ಜಾಸ್ತಿ, ಮೇಲೆ ಹೇಳಿದ ಪೈಪಿನ ಕಡೆಗೇ ಹೋಗಿ. ಒಂದೇ ಪ್ಲಗ್ ಬೇರೆ ಥರ ಕಂಡರೆ ಕಾರ್ಬೊರೇಟರ್ ತಪ್ಪಲ್ಲ ಅಂತಲೇ ನನ್ನ ಲೆಕ್ಕ, ಯಾಕೆಂದರೆ ಮೂರಕ್ಕೂ ಪೆಟ್ರೋಲ್ ಕೊಡುವುದು ಅದೊಂದೇ. ಆ ಸಿಲಿಂಡರಿನ ವೈರ್, ಡಿಸ್ಟ್ರಿಬ್ಯೂಟರ್ ಕ್ಯಾಪ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗದ ಮುಚ್ಚಳ), ಕಂಪ್ರೆಷನ್ ನೋಡಿಸಿ. ನಮ್ಮ ಮಳೆಗಾಲದಲ್ಲಿ ಕ್ಯಾಪಿನೊಳಗೆ ತೇವ ಕೂತು ಬೆಳಿಗ್ಗೆ ಹೊತ್ತು ಮಿಸ್ಸಿಂಗ್ ಬರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ಹುಬ್ಬಳ್ಳಿಯಿಂದ: ಈ ತೊಂದರೆ ಯಾವಾಗ ಶುರುವಾಯಿತು ಸರ್? ಇ20 (ಶೇ 20 ಎಥನಾಲ್ ಬೆರೆಸಿದ) ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಆಯಿತಲ್ವಾ, ಈಗ ಬಂಕ್‌ಗಳಲ್ಲಿ ಸಿಗುವುದು ಹೆಚ್ಚಾಗಿ ಅದೇ. ಎಥನಾಲ್‌ನಲ್ಲೇ ಆಕ್ಸಿಜನ್ ಇರುವುದರಿಂದ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿ ಜಾಸ್ತಿಯಾದಂತೆ. ಆಕ್ಸಿಜನ್ ಸೆನ್ಸರ್ ಇರುವ ಗಾಡಿ ತಾನೇ ಸರಿಮಾಡಿಕೊಳ್ಳುತ್ತದೆ, ಕಾರ್ಬೊರೇಟರ್‌ಗೆ ಅದು ಆಗದು. ಮಿಕ್ಸ್ಚರ್ ಸ್ಕ್ರೂ ಮತ್ತೆ ಕೂರಿಸಬೇಕಾಗಬಹುದು. ಹಳೇ ರಬ್ಬರಿಗೂ ಎಥನಾಲ್ ಆಗಿಬರುವುದಿಲ್ಲ. ಪೆಟ್ರೋಲ್ ಪೈಪ್ ಮೆತ್ತಗಾಗಿದ್ದರೆ, ಬಿರುಕು ಬಿಟ್ಟಿದ್ದರೆ ತಡ ಮಾಡದೆ ಬದಲಿಸಿ. ಇದರಲ್ಲಿ ಬೆಂಕಿಯ ಅಪಾಯ ಇದೆ.

ತುಮಕೂರಿನಿಂದ: ನಮ್ಮದು ಎಂಪಿಎಫ್‌ಐ 800, ಕಾರ್ಬೊರೇಟರ್ ಬದಲು ಇಂಜೆಕ್ಟರ್ ಇರುವುದು. ಥ್ರಾಟಲ್ ಬಾಡಿಯಲ್ಲಿ (ಇಂಜಿನ್‌ಗೆ ಗಾಳಿ ಬಿಡುವ ಭಾಗ) ಕಾರ್ಬನ್ ಕಟ್ಟಿತ್ತು. ಅದನ್ನೂ ಐಡಲ್ ವಾಲ್ವನ್ನೂ ಕ್ಲೀನ್ ಮಾಡಿಸಿದ ಮೇಲೆ ಸರಿಹೋಯಿತು.

ಮೈಸೂರಿನಿಂದ: ಬ್ರೇಕ್ ಬೂಸ್ಟರ್ (ಇಂಜಿನ್ ಎಳೆತದಿಂದಲೇ ಬ್ರೇಕ್ ಒತ್ತಲು ಬಲ ಕೊಡುವ ಭಾಗ) ಇರುವ ಗಾಡಿಯಾದರೆ ನಿಂತಲ್ಲೇ ಬ್ರೇಕ್ ಒತ್ತಿ ಹಿಡಿಯಿರಿ. ಆಗ ಅದುರುವುದು ಜಾಸ್ತಿಯಾಗಿ ಸುಯ್ ಅಂತ ಸದ್ದು ಬಂದರೆ ಬೂಸ್ಟರ್ ಅಥವಾ ಅದರ ಪೈಪ್ ಲೀಕ್. ಇದನ್ನು ಮುಂದೂಡಬೇಡಿ. ಓಡುವಾಗ ಇಂಜಿನ್ ಆಫ್ ಆದರೆ ಒಂದೆರಡು ಸಲ ಒತ್ತುವಷ್ಟರಲ್ಲಿ ಬೂಸ್ಟರಿನ ಬಲ ಮುಗಿಯುತ್ತದೆ, ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಆಗಲೂ ಬ್ರೇಕ್ ಹಿಡಿಯುತ್ತದೆ, ಆದರೆ ಜೋರಾಗಿ ತುಳಿಯಬೇಕು. ಮನೆಯಲ್ಲಿ ಬೇರೆ ಯಾರಾದರೂ ಓಡಿಸುವುದಿದ್ದರೆ ಅವರಿಗೂ ಇದನ್ನು ಹೇಳಿಡಿ. ಸರಿಯಾಗುವವರೆಗೆ ಘಾಟಿ ರಸ್ತೆಗೆ ಒಯ್ಯಬೇಡಿ.