ಝೋವಾ ಜೊತೆ ಬಂದಿರೋ ಇವು ಯಾವ ಜೀವಿಗಳು? ತೆಗೀಬೇಕಾ, ಬಿಡ್ಬೇಕಾ?

ಗಿರಿ_ರೀಫ್, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಮನೇಲಿ ಒಂದು ಚಿಕ್ಕ ಮರೈನ್ ಟ್ಯಾಂಕ್ ಇದೆ, ಬೆಂಗಳೂರಿಂದ ಬಸ್ಸಲ್ಲಿ ಝೋವಾ (ಹೂವಿನ ಥರ ಅರಳೋ, ಹವಳದ ಸಂಬಂಧಿ ಜೀವಿ) ಫ್ರ್ಯಾಗ್, ಅಂದ್ರೆ ಕತ್ತರಿಸಿದ ತುಂಡುಗಳನ್ನ ತರಿಸಿದ್ದೆ, ಬಂದಾಗ ಚೆನ್ನಾಗೇ ಅರಳ್ತಿತ್ತು, ಈಗ ಒಂದು ಫ್ರ್ಯಾಗ್ ಪೂರ್ತಿ ಮುಚ್ಕೊಂಡಿದೆ. ರಾತ್ರಿ ಲೈಟ್ ಆಫ್ ಆದ್ಮೇಲೆ ಟಾರ್ಚ್ ಬಿಟ್ಟು ನೋಡಿದ್ರೆ ಮೂರು ಥರದ್ದು ಕಾಣಿಸ್ತು. ಒಂದು, ಪ್ಲಗ್ (ಫ್ರ್ಯಾಗ್ ಅಂಟಿಸಿರೋ ಪುಟ್ಟ ಬಿಲ್ಲೆ) ಅಂಚಲ್ಲಿ ತೆಳು ಕಂದು ಬಣ್ಣದ, ಗಾಜಿನ ಥರ ಕಾಣೋ ಪುಟ್ಟ ಹೂವು, ಉದ್ದ ಚೂಪು ಎಳೆಗಳು, ಮುಟ್ಟೋಕೆ ಹೋದ್ರೆ ಸರ್ರಂತ ಒಳಗೆ ಹೋಗುತ್ತೆ. ಇನ್ನೊಂದು, ಎರಡೂ ಕಡೆ ಬಿಳಿ ಕೂದಲಿರೋ ಗುಲಾಬಿ ಹುಳ. ಮೂರನೇದು ಚಪ್ಪಟೆ ಸುರುಳಿ ಬಸವನಹುಳ, ಚಿಪ್ಪಿನ ಮೇಲೆ ಕಪ್ಪು ಬಿಳಿ ಚೌಕಳಿ. ನೋಡೋಕೆ ತುಂಬಾ ಚಂದ ಇದೆ, ಸಾಯ್ಸೋಕೆ ಮನಸ್ಸು ಬರ್ತಿಲ್ಲ. ಎಲ್ಲಾ ಒಟ್ಟಿಗೆ ಹೋಗ್ಲಿ ಅಂತ ಪ್ಲಗ್ ಮೇಲೆ ಬಿಸಿನೀರು ಹಾಕ್ಬಹುದಾ?

ಉಪ್ಪುನೀರು, ಹಾಸನ

ಮೊದಲು ಕೊನೇ ಪ್ರಶ್ನೆಗೆ ಉತ್ತರ ಹೇಳ್ಬಿಡ್ತೀನಿ: ಬಿಸಿನೀರು ಬೇಡ, ದಯವಿಟ್ಟು ಬೇಡ. ಝೋವಾದಲ್ಲಿ ಪ್ಯಾಲಿಟಾಕ್ಸಿನ್ ಅನ್ನೋ ವಿಷ ಇರಬಹುದು, ಎಲ್ಲಾ ಝೋವಾದಲ್ಲೂ ಒಂದೇ ಪ್ರಮಾಣದಲ್ಲಿ ಇರಲ್ಲ ಆದ್ರೆ ನೋಡಿ ಹೇಳೋಕಾಗಲ್ಲ. ಝೋವಾ ಇರೋ ಕಲ್ಲನ್ನ ಕುದಿಸಿ ಆ ಹಬೆ ಕುಡಿದು ಮನೆಮಂದಿಯೆಲ್ಲಾ ಆಸ್ಪತ್ರೆ ಸೇರಿರೋ ಪ್ರಕರಣ ಬೇರೆ ದೇಶಗಳಲ್ಲಿ ಆಗಿದೆ. ಗ್ಲೌಸ್, ಕನ್ನಡಕ ಎರಡೂ ಹಾಕ್ಕೊಂಡೇ ಮುಟ್ಟಿ, ಕೈಲಿ ಗಾಯ ಇದ್ರೆ ಆ ದಿನ ಮುಟ್ಟಲೇಬೇಡಿ.

ಈಗ ನಿಮ್ಮ ಮೂರಕ್ಕೆ ಬರೋಣ. ಆ ಚಂದದ ಬಸವನಹುಳಾನೇ ಕಳ್ಳ. ಅದು ಸನ್‌ಡಯಲ್ ಸ್ನೇಲ್, ಝೋವಾ ತಿನ್ನೋದೇ ಅದರ ಕೆಲ್ಸ, ಹಗಲು ಪ್ಲಗ್ ಕೆಳಗೆ ಅಡಗಿರುತ್ತೆ. ಡಿಪ್ ಮಾಡಿದ್ರೂ (ಹುಳ ಸಾಯ್ಸೋ ಔಷಧಿ ನೀರಲ್ಲಿ ಅದ್ದಿದ್ರೂ) ಚಿಪ್ಪಿನ ಬಾಯಿ ಮುಚ್ಕೊಂಡು ಬದುಕ್ಬಿಡುತ್ತೆ, ಅದಕ್ಕೆ ರಾತ್ರಿ ಚಿಮಟದಲ್ಲೇ ಹಿಡೀಬೇಕು, ಹಿಡಿದ ಮೇಲೂ ಒಂದಷ್ಟು ವಾರ ಟಾರ್ಚ್ ಬಿಟ್ಟು ನೋಡ್ತಾನೇ ಇರಿ. ಹೂವಿನ ಥರದ್ದು ಆಯ್ಪ್ಟೇಸಿಯಾ, ಕಳೆ ಥರ ಹರಡೋ, ಕುಟುಕೋ ಸೀ ಅನಿಮೋನ್, ಅದೂ ಹೋಗ್ಬೇಕು. ಅದನ್ನ ಕೀಳೋಕೆ, ಕತ್ತರಿಸೋಕೆ ಹೋಗ್ಬೇಡಿ, ಒಂದು ಚೂರು ಉಳಿದ್ರೂ ಅದು ಹೊಸದಾಗಿ ಬೆಳ್ಯುತ್ತೆ. ಹುಳ ಬ್ರಿಸಲ್ ವರ್ಮ್, ಅದು ಉಳಿದ ಫುಡ್ಡು, ಸತ್ತಿರೋದು ತಿಂದು ಕ್ಲೀನ್ ಮಾಡುತ್ತೆ, ಬಿಟ್ಬಿಡಿ. ಸತ್ತ ಕೋರಲ್ ಮೇಲೆ ಅದನ್ನ ನೋಡಿ ಅದೇ ಕೊಂದಿದ್ದು ಅಂದ್ಕೊಳ್ಳೋರು ಜಾಸ್ತಿ, ಪಾಪ ಅದು ಬಂದಿದ್ದು ಆಮೇಲೆ. ಬರೀ ಕೈಲಿ ಮಾತ್ರ ಮುಟ್ಬೇಡಿ, ಆ ಕೂದಲು ಚುಚ್ಚಿದ್ರೆ ಉರಿ ತಡೆಯೋಕಾಗಲ್ಲ, ಚುಚ್ಚಿದ್ರೆ ಸೆಲ್ಲೋಟೇಪ್ ಅಂಟಿಸಿ ಎಳೀರಿ.

ಮಲ್ನಾಡ್_ಮರೈನ್

ಉಪ್ಪುನೀರು ಸರ್ ಹೇಳಿದ್ದು ಸರಿ. ಆಯ್ಪ್ಟೇಸಿಯಾ ಒಂದೇ ಇದ್ರೆ, ಅದೂ ಪ್ಲಗ್ ಅಂಚಲ್ಲೇ ಇದ್ರೆ, ಟ್ಯಾಂಕಿಂದ ಹೊರಗೆ ತೆಗೆದು ಆ ಅಂಚಿನ ಪ್ಲಗ್ಗನ್ನೇ ಕಟರಲ್ಲಿ ಮುರಿದು ಎಸೆಯೋದು ಸುಲಭ. ಕಲ್ಲಿಗೆ ಹೋಗಿದ್ರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡೀನ ಆರ್‌ಓ ನೀರಲ್ಲಿ ಗಟ್ಟಿಯಾಗಿ ಕಲಸಿ, ವೇವ್‌ಮೇಕರ್ (ನೀರು ಅಲೆಯಾಡ್ಸೋ ಪಂಪ್) ಆಫ್ ಮಾಡಿ, ಸಿರಿಂಜಲ್ಲಿ ಮೆಲ್ಲಗೆ ಬಾಯಿ ಮೇಲೆ ಬಿಟ್ಟು ಮುಚ್ಚಿ. ಒಂದೇ ದಿನ ತುಂಬಾ ಹಾಕ್ಬೇಡಿ, ಪಿಹೆಚ್ ಏರುತ್ತೆ. ಎಲೆ ಅಡಿಕೆ ಸುಣ್ಣಾನೂ ಅದೇ ತಾನೇ ಅಂತ ಕೇಳ್ತಾರೆ, ಆದ್ರೆ ಡಬ್ಬಿ ಸುಣ್ಣದಲ್ಲಿ ಬೇರೆ ಏನು ಸೇರ್ಸಿರ್ತಾರೋ ಹೇಳೋಕಾಗಲ್ಲ, ಟ್ಯಾಂಕಿಗೆ ಬೇಡ.

ಪೆಪರ್‌ಮಿಂಟ್ ಶ್ರಿಂಪ್ ಅನ್ನೋ ಸೀಗಡಿನ ಟ್ಯಾಂಕಿಗೆ ಬಿಟ್ರೆ ಅದೂ ಆಯ್ಪ್ಟೇಸಿಯಾ ತಿನ್ನುತ್ತೆ, ಆದ್ರೆ ಎಲ್ಲವೂ ತಿನ್ನಲ್ಲ. ಅಂಗಡೀಲಿ ಅದೇ ಹೆಸರಲ್ಲಿ ಕ್ಯಾಮಲ್ ಶ್ರಿಂಪ್ ಕೊಟ್ಬಿಡ್ತಾರೆ, ಬೆನ್ನು ಗೂನಾಗಿದ್ದು ಕೆಂಪು ಪಟ್ಟಿ ಮಧ್ಯೆ ದಪ್ಪ ಬಿಳಿ ಗೆರೆ ಇದ್ರೆ ತಗೋಬೇಡಿ, ಅದು ನಿಮ್ಮ ಝೋವಾನೇ ತಿನ್ನುತ್ತೆ.

ಗಿರಿ_ರೀಫ್, ಚಿಕ್ಕಮಗಳೂರು

ತುಂಬಾ ಥ್ಯಾಂಕ್ಸ್ ಸರ್. ನಿನ್ನೆ ರಾತ್ರಿ ಸ್ನೇಲ್ ಸಿಕ್ತು, ತೆಗ್ದೆ. ಪ್ಲಗ್ ತಳದಲ್ಲಿ ಚಿಕ್ಕ ಬಿಳಿ ಸುರುಳಿ ಥರ ಏನೋ ಅಂಟಿದೆ, ಮೊಟ್ಟೆನಾ? ಇನ್ನೊಂದು ಮಾತು, ನಮ್ಮಣ್ಣ ಮಲ್ಪೆ ಕಡೆ ಹೋಗ್ತಾ ಇರ್ತಾನೆ, ಅಲ್ಲಿಂದ ಸಮುದ್ರದ ಕಲ್ಲು ತರಿಸ್ಲಾ?

ಉಪ್ಪುನೀರು, ಹಾಸನ

ಸುರುಳಿ ಗಟ್ಟಿಯಾಗಿ ಸುಣ್ಣದ ಥರ ಇದ್ರೆ ಸ್ಪೈರಾರ್ಬಿಡ್ ಹುಳದ ಗೂಡು, ಏನೂ ತೊಂದ್ರೆ ಇಲ್ಲ. ಮೆತ್ತಗೆ ಲೋಳೆ ಥರ ಇದ್ರೆ ಮೊಟ್ಟೆ, ಝೋವಾ ತಿನ್ನೋ ನ್ಯೂಡಿಬ್ರ್ಯಾಂಕ್ (ಚಿಪ್ಪಿಲ್ಲದ ಸಮುದ್ರದ ಬಸವನಹುಳ) ಹಿಂಗೇ ಸುರುಳಿಯಾಗಿ ಇಡುತ್ತೆ, ಡಿಪ್ಪಿಗೆ ಮೊಟ್ಟೆ ಸಾಯಲ್ಲ, ಕೆರೆದು ತೆಗೀರಿ, ಆಮೇಲೆ ವಾರಕ್ಕೊಂದು ಸಲ ಡಿಪ್ ಮಾಡ್ತಾ ಇರಿ, ಮರಿ ಹೊರಗೆ ಬಂದಾಗ ಸಿಗ್ತವೆ. ಡಿಪ್ ನೀರನ್ನ ವಾಪಸ್ ಟ್ಯಾಂಕಿಗೆ ಸುರೀಬೇಡಿ. ಬೇರೆ ಡಬ್ಬ ಇದ್ರೆ ಅದ್ರಲ್ಲಿ ಹೀಟರ್ ಹಾಕಿ 25 ಡಿಗ್ರಿಗೆ ಇಟ್ಟು ಆ ಫ್ರ್ಯಾಗ್‌ಗಳನ್ನ ಒಂದು ತಿಂಗಳಾದ್ರೂ ಬೇರೇನೇ ಇಡಿ, ನಿಮ್ಮೂರ ಮಳೆಗಾಲದ ಚಳಿಗೆ ಹೀಟರ್ ಬೇಕೇ ಬೇಕು.

ಮಲ್ಪೆ ಕಲ್ಲು ಬೇಡ. ಅದರ ತೂತಲ್ಲಿ ಮ್ಯಾಂಟಿಸ್ ಶ್ರಿಂಪ್, ಕೂದಲು ಏಡಿ ಕೂತು ಬಂದ್ರೆ ಹಿಡಿಯೋದು ಬಹಳ ಕಷ್ಟ. ಅದೂ ಅಲ್ದೆ ಕಲ್ಲಿಗೆ ಅಂಟಿರೋದು ಸ್ಟೋನಿ ಕೋರಲ್ (ಗಟ್ಟಿ ಹವಳ) ಆಗಿದ್ರೆ ಅದು 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲಲ್ಲಿದೆ, ಹುಲಿಗೆ ಇರೋ ರಕ್ಷಣೇನೇ ಅದಕ್ಕೂ ಇದೆ. ಒಣಗಿದ ರೀಫ್ ರಾಕ್ ಬಿಲ್ ಸಮೇತ ತಗೊಳ್ಳಿ, ಬ್ಯಾಕ್ಟೀರಿಯಾ ಕೂರೋಕೆ ಟೈಮ್ ಹಿಡ್ಯುತ್ತೆ ಅಷ್ಟೇ. ಆ ಸುರುಳಿದು ಹತ್ತಿರದಿಂದ ಒಂದು ಫೋಟೋ ಹಾಕಿ, ನೋಡಿ ಹೇಳ್ತೀನಿ.