ಬ್ಲೂ ಜಾಗರ್ ಓಲೆಯ ಹರಳು ನೀಲಿ ವಜ್ರವೇ? ಬೆಲೆ ಹೇಗೆ ತಿಳಿಯುವುದು?

ಬೆಂಡೋಲೆ ಕೇಳುತ್ತಾರೆ:

ಅಜ್ಜಿಯ ಕಾಲದ ಏಳು ಹರಳಿನ ವಜ್ರದ ಬೆಂಡೋಲೆ ಒಂದು ಜೊತೆ ಮನೆಯಲ್ಲಿದೆ. ಎಲ್ಲರೂ ಅದನ್ನು ‘ಬ್ಲೂ ಜಾಗರ್’ ಅನ್ನುತ್ತಾರೆ. ಬಿಸಿಲಿಗೆ ಹಿಡಿದರೆ ತಿಳಿನೀಲಿ ಛಾಯೆ ಕಾಣುತ್ತದೆ. ರಾತ್ರಿ ಎಲ್‌ಇಡಿ ದೀಪದ ಕೆಳಗೆ ಹರಳುಗಳು ಬೆಳ್ಳಗಿರುತ್ತವೆ, ಎರಡು ಮಾತ್ರ ತುಸು ಹಳದಿ. ಹಿಂಬದಿ ಪೂರ್ತಿ ಮುಚ್ಚಿದ ಕಟ್ಟು. ಮನೆಯಲ್ಲಿ ಪಾಲು ಆಗಬೇಕಿದೆ, ಅದಕ್ಕೇ ಬೆಲೆಯ ವಿಚಾರ ಬಂತು. ನೀಲಿ ವಜ್ರಗಳು ಹರಾಜಿನಲ್ಲಿ ನೂರಾರು ಕೋಟಿಗೆ ಹೋಗುತ್ತವೆ ಎಂದು ಓದಿದ್ದೇವೆ. ಇದು ಆ ಜಾತಿಯದೇ? ಹರಳು ಬಿಚ್ಚಿಸದೆ ತಿಳಿಯಬಹುದೇ?

ಲೂಪ್‌ ಹತ್ತು:

ಅಲ್ಲ. ನೀವು ಬರೆದಿರುವ ಲಕ್ಷಣವೇ ಅದನ್ನು ಹೇಳುತ್ತಿದೆ. ಬಿಸಿಲಲ್ಲಿ ನೀಲಿ, ಎಲ್‌ಇಡಿಯಲ್ಲಿ ಬಿಳಿ ಎಂದರೆ ಆ ನೀಲಿ ಹರಳಿನ ಮೈಬಣ್ಣವಲ್ಲ, ಫ್ಲೋರೊಸೆನ್ಸ್. ಬಿಸಿಲಿನ ಅತಿನೇರಳೆ ಕಿರಣವನ್ನು ಹೀರಿ ಹರಳು ನೀಲಿ ಬೆಳಕು ಬಿಡುತ್ತದೆ. ಮನೆಯ ಎಲ್‌ಇಡಿಯಲ್ಲಿ ಆ ಕಿರಣ ಇಲ್ಲದಷ್ಟು ಕಡಿಮೆ, ಹಾಗಾಗಿ ಅಲ್ಲಿ ನೀಲಿಯೂ ಇಲ್ಲ.

ಜಾಗರ್ ಎಂಬ ಹೆಸರು ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೈನ್ ಗಣಿಯದು. 1893ರಲ್ಲಿ 995.2 ಕ್ಯಾರೆಟ್ಟಿನ ಎಕ್ಸೆಲ್ಸಿಯರ್ ಸಿಕ್ಕಿದ್ದು ಅಲ್ಲಿಯೇ. ಅಲ್ಲಿನ ನೀಲಿಗೂಡಿದ ಬಿಳಿ ಹರಳುಗಳಿಗೆ ಒಳ್ಳೆಯ ಹೆಸರಿತ್ತು. ಆಮೇಲೆ ಯಾವ ಗಣಿಯದೇ ಆಗಲಿ, ಬಿಸಿಲಲ್ಲಿ ನೀಲಿ ಹೊಡೆಯುವ ಬಿಳಿ ವಜ್ರಕ್ಕೆಲ್ಲ ವ್ಯಾಪಾರದಲ್ಲಿ ಜಾಗರ್ ಎಂದೇ ರೂಢಿಯಾಯಿತು. ಆ ಹೆಸರಿನಿಂದ ನಿಮ್ಮ ಹರಳಿನ ಗಣಿ ಯಾವುದೆಂದು ತಿಳಿಯುವುದಿಲ್ಲ.

ಕಾರಣ ನೈಟ್ರೋಜನ್. ಮೂರು ನೈಟ್ರೋಜನ್ ಪರಮಾಣುಗಳು ಒಂದು ಖಾಲಿ ಜಾಗದ ಸುತ್ತ ಕೂತಿರುವ ದೋಷಕ್ಕೆ ಎನ್‌3 ಎನ್ನುತ್ತಾರೆ, ನೀಲಿ ಮಿನುಗು ಅದರದ್ದು. ಸಾಮಾನ್ಯ ವಜ್ರಗಳಿಗೆ ಹಳದಿ ತರುವುದರಲ್ಲೂ ಇದೇ ದೋಷದ ಕೈಯಿದೆ. ಅದಕ್ಕೇ ನಿಮ್ಮ ಎರಡು ಹರಳು ದೀಪದಡಿ ಹಳದಿಯಾಗಿ, ಬಿಸಿಲಲ್ಲಿ ನೀಲಿಯಾಗಿ ಕಾಣುವುದು. ನಿಜವಾದ ನೀಲಿ ವಜ್ರದಲ್ಲಿ ಇದಕ್ಕೆ ತದ್ವಿರುದ್ಧ: ನೈಟ್ರೋಜನ್ ಇಲ್ಲವೆನ್ನುವಷ್ಟು ಕಡಿಮೆ, ಬದಲಿಗೆ ಬೋರಾನ್. ಅದನ್ನು ಟೈಪ್ 2ಬಿ ಎಂದು ವಿಂಗಡಿಸುತ್ತಾರೆ. ಹತ್ತು ಲಕ್ಷ ಇಂಗಾಲದ ಪರಮಾಣುಗಳಿಗೆ ಒಂದಕ್ಕಿಂತ ಕಡಿಮೆ ಬೋರಾನ್ ಇದ್ದರೂ ಕಣ್ಣಿಗೆ ಕಾಣುವ ನೀಲಿ ಬರುತ್ತದೆ. ಅದು ಬೋರಾನ್ ಕೆಂಪು ಬೆಳಕನ್ನು ಹೀರುವುದರಿಂದ ಬರುವ ಬಣ್ಣ. ಬಿಸಿಲು, ಬಲ್ಬು, ಎಲ್‌ಇಡಿ ಯಾವುದರಲ್ಲಿ ನೋಡಿದರೂ ಹೋಗುವುದಿಲ್ಲ.

ಬಿಚ್ಚಿಸದೆ ಮನೆಯಲ್ಲೇ ನೋಡುವ ಕ್ರಮ ಹೀಗೆ. ಮೊದಲು ಶುಚಿ ಮಾಡಿ. ಮುಚ್ಚಿದ ಕಟ್ಟನ್ನು ನೀರಿನಲ್ಲಿ ನೆನೆಹಾಕಬೇಡಿ, ಒಳಗೆ ತಗಡು ಇಟ್ಟಿದ್ದರೆ ನೀರು ನುಗ್ಗಿ ಕಪ್ಪಾಗುತ್ತದೆ. ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬ್ರಷ್ಷಿನಿಂದ ಮೇಲ್ಭಾಗವನ್ನಷ್ಟೇ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ. ಆಮೇಲೆ ಕತ್ತಲೆ ಕೋಣೆಯಲ್ಲಿ 365 ನ್ಯಾನೊಮೀಟರಿನ ಯುವಿ ಟಾರ್ಚ್ ಬಿಡಿ, ಕಣ್ಣಿಗೆ ಬೀಳದಂತೆ ಕೆಳಮುಖವಾಗಿ. ಅಗ್ಗದ 395ರ ಟಾರ್ಚ್ ಬೇಡ, ಅದರದ್ದೇ ನೇರಳೆ ಬೆಳಕು ಹರಳಿನಲ್ಲಿ ಪ್ರತಿಫಲಿಸಿ ಎಲ್ಲವೂ ಹೊಳೆದಂತೆ ತೋರುತ್ತದೆ. ಹದಿನಾಲ್ಕು ಹರಳೂ ಒಂದೇ ಮಟ್ಟಕ್ಕೆ ಹೊಳೆಯುವುದಿಲ್ಲ. ಕೆಲವು ಜೋರಾಗಿ, ಕೆಲವು ಮಂಕಾಗಿ, ಒಂದೆರಡು ಹೊಳೆಯದೆಯೂ ಇರಬಹುದು. ಗಣಿಯ ಹರಳುಗಳನ್ನು ಬಣ್ಣ ನೋಡಿ ಜೋಡಿಸಿದ ಹಳೆಯ ಓಲೆಗಳಲ್ಲಿ ಇದು ಸಹಜ. ಟೈಪ್ 2ಬಿ ನೀಲಿ ವಜ್ರ ಈ ಟಾರ್ಚಿಗೆ ಸಾಮಾನ್ಯವಾಗಿ ಹೊಳೆಯುವುದೇ ಇಲ್ಲ.

ಇನ್ನೊಂದು. ಹಳದಿ ಮುಚ್ಚಲು ಹರಳಿನ ಅಡಿಗೆ ನೀಲಿ ಇಲ್ಲವೇ ನೇರಳೆ ಬಣ್ಣ ಸವರುವ ಹಳೆಯ ಚಾಳಿಯಿದೆ. ಮುಚ್ಚಿದ ಕಟ್ಟಿನಲ್ಲಿ ಅದು ಗೊತ್ತಾಗುವುದಿಲ್ಲ. ಯಾವುದಾದರೂ ಒಂದು ಹರಳು ಯುವಿಗೆ ಹೊಳೆಯದೆ ಎಲ್ಲ ದೀಪದಲ್ಲೂ ನೀಲಿಯಾಗಿಯೇ ಕಂಡರೆ, ಮೊದಲು ಈ ಬಣ್ಣವನ್ನೇ ಶಂಕಿಸಿ.

ಚಿನಿವಾರಪೇಟೆ:

ಮೇಲಿನ ಉತ್ತರಕ್ಕೆ ಬೆಲೆಯ ಭಾಗ ಸೇರಿಸುತ್ತೇನೆ. ಬಿಳಿ ವಜ್ರದ ಬಣ್ಣವನ್ನು ಲ್ಯಾಬಿನಲ್ಲಿ ಹರಳು ತಲೆಕೆಳಗು ಮಾಡಿ, ನಿಗದಿತ ದೀಪದಡಿ, ಮಾದರಿ ಹರಳುಗಳ ಪಕ್ಕ ಇಟ್ಟು ನೋಡುತ್ತಾರೆ. ಹಳೆಯ ವ್ಯಾಪಾರಿಗಳು ಕಿಟಕಿಯ ಬೆಳಕಲ್ಲಿ ನೋಡಿ ಬೆಲೆ ಕಟ್ಟುತ್ತಿದ್ದರು, ಆಗ ಜಾಗರ್‌ಗೆ ಹೆಚ್ಚಿನ ಬೆಲೆ. ಇವತ್ತು ಮೇಲ್ದರ್ಜೆಯ ಬಣ್ಣದ ಹರಳಿಗೆ ವರದಿಯಲ್ಲಿ ‘ಸ್ಟ್ರಾಂಗ್ ಬ್ಲೂ’ (ಜೋರಾದ ನೀಲಿ ಫ್ಲೋರೊಸೆನ್ಸ್) ಎಂದು ಬರೆದರೆ ಬೆಲೆ ಇಳಿಯುತ್ತದೆ. ತುಸು ಹಳದಿ ಇರುವ ಐ, ಜೆ, ಕೆ ದರ್ಜೆಗಳಿಗೆ ಅದರಿಂದ ಅಷ್ಟು ನಷ್ಟವಿಲ್ಲ, ಧರಿಸಿದಾಗ ಹರಳು ಬೆಳ್ಳಗೆ ಕಾಣುತ್ತದೆಂದು ಕೆಲವರು ಬಯಸುವುದೂ ಉಂಟು. ನನ್ನ ಪ್ರಕಾರ ಹಾಲಿನಂತೆ ಮಬ್ಬು ಕಾಣದಿದ್ದರೆ ಫ್ಲೋರೊಸೆನ್ಸ್ ದೋಷವೇ ಅಲ್ಲ, ಆದರೆ ಕೊಳ್ಳುವವನು ಅದನ್ನು ಹಿಡಿದೇ ಚೌಕಾಸಿ ಮಾಡುತ್ತಾನೆ.

ನೂರಾರು ಕೋಟಿಯ ಲೆಕ್ಕ ಬೇರೆಯೇ. 15.10 ಕ್ಯಾರೆಟ್ಟಿನ ಡಿ ಬಿಯರ್ಸ್ ಬ್ಲೂ 2022ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ಸುಮಾರು 5.75 ಕೋಟಿ ಡಾಲರಿಗೆ ಹೋಯಿತು. ಕ್ಯಾರೆಟ್ಟಿಗೆ 38 ಲಕ್ಷ ಡಾಲರ್ ಬಿತ್ತು. 12.03 ಕ್ಯಾರೆಟ್ಟಿನ ಬ್ಲೂ ಮೂನ್ 2015ರಲ್ಲಿ ಕ್ಯಾರೆಟ್ಟಿಗೆ 40 ಲಕ್ಷ ಡಾಲರ್ ದಾಟಿತ್ತು. ಹಾಗೆಂದು ಎಲ್ಲ ದೊಡ್ಡ ನೀಲಿಯೂ ಅಷ್ಟಕ್ಕೆ ಹೋಗುವುದಿಲ್ಲ: 10.03 ಕ್ಯಾರೆಟ್ಟಿನ ಮೆಡಿಟರೇನಿಯನ್ ಬ್ಲೂ 2025ರ ಮೇನಲ್ಲಿ ಜಿನೀವಾದಲ್ಲಿ 2.15 ಕೋಟಿ ಡಾಲರ್, ಅಂದರೆ ಕ್ಯಾರೆಟ್ಟಿಗೆ ಸುಮಾರು 21 ಲಕ್ಷ. ಮೂರೂ ‘ಫ್ಯಾನ್ಸಿ ವಿವಿಡ್ ಬ್ಲೂ’, ಅಂದರೆ ಉಜ್ವಲ ನೀಲಿ ದರ್ಜೆಯವೇ.

ಬೆಲೆಯನ್ನು ಹೆಚ್ಚು ಕೊಲ್ಲುವುದು ಬೂದುಬಣ್ಣ. ಬೋರಾನ್ ನೀಲಿಯಲ್ಲಿ ಬೂದು ಬೆರೆತಿರುವುದೇ ಹೆಚ್ಚು, ಹೆಸರಾಂತ ನೀಲಿ ವಜ್ರ ಹೋಪ್‌ನ ದರ್ಜೆಯೇ ‘ಫ್ಯಾನ್ಸಿ ಡೀಪ್ ಗ್ರೇಯಿಷ್ ಬ್ಲೂ’. ವಿಟೆಲ್ಸ್‌ಬಾಖ್ ವಜ್ರ 2008ರಲ್ಲಿ ಮಾರಾಟವಾದಾಗ 35.56 ಕ್ಯಾರೆಟ್ ಇತ್ತು, ದರ್ಜೆಯಲ್ಲಿ ‘ಗ್ರೇಯಿಷ್’ ಇತ್ತು. ಕೊಂಡ ಲಂಡನ್ನಿನ ಆಭರಣ ವ್ಯಾಪಾರಿ ಗ್ರಾಫ್ ಅದನ್ನು 31.06ಕ್ಕೆ ಮರುಕೆತ್ತಿಸಿದ ಮೇಲೆ ಆ ಪದ ಹೋಗಿ ಬರೀ ‘ಫ್ಯಾನ್ಸಿ ಡೀಪ್ ಬ್ಲೂ’ ಆಯಿತು. ನಾಲ್ಕೂವರೆ ಕ್ಯಾರೆಟ್ ಪುಡಿ ಮಾಡಿ ಒಂದು ಪದ ಅಳಿಸಿದರು. ಇತಿಹಾಸದ ವಜ್ರಕ್ಕೆ ಹಾಗೆ ಮಾಡಿದ್ದು ಸರಿಯೇ ಎಂಬ ಜಗಳ ಇನ್ನೂ ಇದೆ, ನಾನು ಜಗಳದ ‘ಸರಿಯಲ್ಲ’ ಪಕ್ಷ.

ಟೆಸ್ಟರ್ ಸಂಶಯ:

ಇದಕ್ಕೇ ಸೇರಿದ ಪ್ರಶ್ನೆ. ಬಿಡಿ ಹರಳು, 52 ಸೆಂಟ್ (0.52 ಕ್ಯಾರೆಟ್), ಎಲ್ಲ ಬೆಳಕಲ್ಲೂ ನೀಲಿ. ಮಾರುವವರು ನೈಸರ್ಗಿಕ ಎನ್ನುತ್ತಾರೆ. ಪೆನ್ನಿನಂತಹ ಟೆಸ್ಟರ್ ಇಟ್ಟರೆ ‘ಮೊಯ್ಸನೈಟ್’ (ವಜ್ರದಂತೆ ಕಾಣುವ ಬೇರೆ ಹರಳು) ಎಂದು ತೋರಿಸುತ್ತದೆ. ಮೋಸವೇ?

ಲೂಪ್‌ ಹತ್ತು:

ಟೆಸ್ಟರ್ ಒಂದನ್ನೇ ನಂಬಿ ಹಾಗೆ ಹೇಳಲಾಗದು. ಆ ಪೆನ್ನು ಮೊದಲು ಶಾಖ ಹರಿಯುವುದನ್ನು ನೋಡುತ್ತದೆ, ಅದರಲ್ಲಿ ವಜ್ರವೂ ಮೊಯ್ಸನೈಟೂ ಪಾಸು. ಆಮೇಲೆ ವಿದ್ಯುತ್ ಹರಿಯುತ್ತದೆಯೇ ನೋಡಿ, ಹರಿದರೆ ಮೊಯ್ಸನೈಟ್ ಎನ್ನುತ್ತದೆ. ಬೋರಾನ್ ಇರುವ ವಜ್ರ ಅರೆವಾಹಕ, ಅದರಲ್ಲೂ ವಿದ್ಯುತ್ ಹರಿಯುತ್ತದೆ. ಹಾಗಾಗಿ ಅಸಲಿ ನೀಲಿ ವಜ್ರವನ್ನೂ ಈ ಯಂತ್ರ ಮೊಯ್ಸನೈಟ್ ಎಂದೇ ಕೂಗುತ್ತದೆ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಎಂಬ ಭೂತಗನ್ನಡಿಯಲ್ಲಿ ಹರಳನ್ನು ಓರೆಮಾಡಿ ಮೇಲಿನ ಮುಖದಿಂದ ಕೆಳಗಿನ ಪಟ್ಟಿಗಳ ಅಂಚು ನೋಡಿ. ಅಂಚುಗಳು ಎರಡೆರಡಾಗಿ ಕಂಡರೆ ಮೊಯ್ಸನೈಟ್. ನೇರ ಮೇಲಿನಿಂದ ನೋಡಿದರೆ ಮೊಯ್ಸನೈಟಿನಲ್ಲೂ ಒಂಟಿಯಾಗಿಯೇ ಕಾಣಬಹುದು, ಓರೆಮಾಡಲೇಬೇಕು. ಯಾವ ಕೋನದಲ್ಲೂ ಒಂಟಿ ಅಂಚು, ಜೊತೆಗೆ ವಿದ್ಯುತ್ ಹರಿಯುತ್ತದೆ ಎಂದರೆ ಅದು ಬೋರಾನ್ ವಜ್ರವೇ ಇರಬೇಕು. ಆದರೆ ಗಣಿಯದೋ ಲ್ಯಾಬಿನದೋ ಎಂಬುದು ಅಲ್ಲಿಗೆ ತೀರ್ಮಾನವಾಗದು, ಏಕೆಂದರೆ ಬೋರಾನ್ ಹಾಕಿ ಬೆಳೆಸಿದ ಲ್ಯಾಬ್ ವಜ್ರದಲ್ಲೂ ವಿದ್ಯುತ್ ಹರಿಯುತ್ತದೆ. ಅತಿ ಒತ್ತಡದಲ್ಲಿ ಬೆಳೆಸಿದ ಕೆಲವು ಹರಳುಗಳಲ್ಲಿ ಲೋಹದ ಚೂರು ಉಳಿದಿದ್ದು ಬಲವಾದ ನಿಯೋಡಿಮಿಯಮ್ ಆಯಸ್ಕಾಂತಕ್ಕೆ ಸೆಳೆಯುತ್ತವೆ. ಸೆಳೆಯದಿದ್ದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಶಾರ್ಟ್‌ವೇವ್ ಯುವಿ ಆರಿಸಿದ ಮೇಲೂ ಹರಳು ಹೊಳೆಯುವುದು ಎರಡರಲ್ಲೂ ಉಂಟು: ಹೋಪ್ ವಜ್ರ ಕೆಂಡದ ಕೆಂಪಿನಲ್ಲಿ ಹೊಳೆಯುತ್ತದೆ, ಲ್ಯಾಬಿನವು ಹೆಚ್ಚಾಗಿ ನೀಲಿಯಲ್ಲಿ ಬಹಳ ಹೊತ್ತು. ಇದು ಸುಳಿವು, ತೀರ್ಪಲ್ಲ.

ಹರಳು ನೀಲಿಯಾಗಿದ್ದೂ ವಿದ್ಯುತ್ ಹರಿಯದಿದ್ದರೆ ಹೆಚ್ಚು ಎಚ್ಚರ ಬೇಕು. ಎಲೆಕ್ಟ್ರಾನ್ ಹಾಯಿಸಿ ನೀಲಿ ಮಾಡಿದ ಅಗ್ಗದ ವಜ್ರಗಳು ಹೀಗೆಯೇ ಇರುತ್ತವೆ. ಅಂಥ ಹರಳಿದ್ದ ಉಂಗುರಕ್ಕೆ ಅಕ್ಕಸಾಲಿಗರು ಬೆಸುಗೆ ಬೆಂಕಿ ಹಿಡಿದರೆ ಬಣ್ಣ ಕೆಡಬಹುದು.

52 ಸೆಂಟಿಗೆ ನೈಸರ್ಗಿಕ ನೀಲಿಯ ಬೆಲೆ ಕೇಳುತ್ತಿದ್ದರೆ ಹರಳು ಪರೀಕ್ಷಿಸಿ ದರ್ಜೆ ಕೊಡುವ ಜಿಐಎ ಸಂಸ್ಥೆಯ ವರದಿ ಇಲ್ಲದೆ ಮುಂಗಡ ಕೊಡಬೇಡಿ. ಮುಂಬೈಯಲ್ಲೇ ಅವರ ಲ್ಯಾಬ್ ಇದೆ. ವರದಿಯಲ್ಲಿ ಎರಡು ಸಾಲು ಮುಖ್ಯ: ಬಣ್ಣದ ದರ್ಜೆ, ಮತ್ತು ಬಣ್ಣದ ಮೂಲ ‘ನ್ಯಾಚುರಲ್’ ಎಂದಿದೆಯೇ ಎಂಬುದು. ‘ಅನ್‌ಡಿಟರ್ಮಿನ್ಡ್’ (ಮೂಲ ತೀರ್ಮಾನವಾಗಿಲ್ಲ) ಎಂದಿದ್ದರೆ ನೈಸರ್ಗಿಕದ ಬೆಲೆ ಕೊಡಬೇಡಿ.

ಕೃಷ್ಣೆಯಂಚು:

ಅಪರೂಪ ಏಕೆ ಎಂಬುದನ್ನು ಯಾರೂ ಹೇಳಲಿಲ್ಲ. ಸಾಮಾನ್ಯ ವಜ್ರ ಹುಟ್ಟುವುದು 150ರಿಂದ 200 ಕಿ.ಮೀ. ಆಳದಲ್ಲಿ. ಬೋರಾನ್ ಇರುವುದು ಬಹುಮಟ್ಟಿಗೆ ಭೂಮಿಯ ಮೇಲ್ಪದರದಲ್ಲಿ, ಆಳದಲ್ಲಿ ತೀರಾ ಕಡಿಮೆ. 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ 46 ನೀಲಿ ವಜ್ರಗಳ ಒಳಗೆ ಸಿಕ್ಕಿಕೊಂಡ ಖನಿಜದ ಕಣಗಳನ್ನು ನೋಡಿತು. ಅವು 660 ಕಿ.ಮೀ. ಅಥವಾ ಅದಕ್ಕೂ ಆಳದ ಒತ್ತಡವನ್ನು ಸೂಚಿಸಿದವು. ಕೆಳಗೆ ಜಾರಿದ ಸಾಗರತಳದ ಬಂಡೆ ಬೋರಾನನ್ನು ಹೊತ್ತೊಯ್ದಿರಬೇಕು ಎಂಬುದು ಅವರ ವಿವರಣೆ. ಇಂದು ದೊಡ್ಡ ನೀಲಿಗಳು ಬರುವುದು ಮುಖ್ಯವಾಗಿ ದಕ್ಷಿಣ ಆಫ್ರಿಕಾದ ಕಲಿನನ್ ಗಣಿಯಿಂದ. ಹೋಪ್ ವಜ್ರದ ಮೂಲವೆಂದು ನಂಬುವ ಕೊಲ್ಲೂರು ಗಣಿ ಆಂಧ್ರದಲ್ಲಿ ಇದೇ ಕೃಷ್ಣೆಯ ದಡದ್ದು.

ಬೆಂಡೋಲೆ:

ಎಲ್ಲರಿಗೂ ಧನ್ಯವಾದ. ಟಾರ್ಚಿಗೆ ಹನ್ನೊಂದು ಹೊಳೆದವು, ಮೂರು ಇಲ್ಲ. ಹೊಳೆಯದ ಮೂರೂ ದೀಪದಡಿ ಬಿಳಿಯೇ. ಪಾಲಿಗೆ ಮುಂಚೆ ಬಿಚ್ಚಿಸಿ ತೂಗಿಸಲೇಬೇಕೇ?

ಚಿನಿವಾರಪೇಟೆ:

ಹೌದು, ಕಟ್ಟಿನಲ್ಲಿದ್ದಾಗ ತೂಕ ಬರೀ ಅಂದಾಜು. ಬಿಚ್ಚುವ ಮುಂಚೆ ಎರಡೂ ಓಲೆಯ ಫೋಟೊ ತೆಗೆದು ಹರಳುಗಳಿಗೆ ಎಡ 1ರಿಂದ 7, ಬಲ 1ರಿಂದ 7 ಎಂದು ಸಂಖ್ಯೆ ಕೊಡಿ. ನಿಮ್ಮ ಎದುರೇ ಬಿಚ್ಚಿಸಿ. ಒಂದೊಂದನ್ನೂ ಬೇರೆ ಪೊಟ್ಟಣಕ್ಕೆ ಹಾಕಿ, ಸಂಖ್ಯೆ ಮತ್ತು ಸೆಂಟಿನ ತೂಕ ಮೇಲೆ ಬರೆಸಿ. ಹಳೆಯ ಕಟಿಂಗ್ ಇದ್ದರೆ ‘ಹೊಸ ಕಟಿಂಗ್ ಮಾಡಿಸಿ’ ಎನ್ನುವವರ ಮಾತು ಕೇಳಬೇಡಿ, ತೂಕ ಹೋಗುತ್ತದೆ, ಜೊತೆಯೂ ಕೆಡುತ್ತದೆ. ಸಣ್ಣ ಹರಳಿಗೆ ಒಂದೊಂದಕ್ಕೂ ವರದಿ ಮಾಡಿಸುವುದು ದಂಡ. ನಡುವಿನ ಎರಡು ಹರಳು 30 ಸೆಂಟ್ ಮೀರಿದ್ದರೆ ಅವಕ್ಕಷ್ಟೇ ಮಾಡಿಸಿ. ಎರಡು ಓಲೆಯನ್ನು ಇಬ್ಬರಿಗೆ ಒಂದೊಂದು ಎಂದು ಹಂಚಬೇಡಿ. ಒಬ್ಬರು ಜೊತೆ ಇಟ್ಟುಕೊಂಡು ಇನ್ನೊಬ್ಬರಿಗೆ ಹಣ ಕೊಡಲಿ, ಒಂಟಿ ಓಲೆಗೆ ಕೊಳ್ಳುವವರು ಸಿಗುವುದಿಲ್ಲ.