ಹಳೇ ಗೀಸರ್‌ಗೆ ಟೈಮರ್: ಪ್ಲಗ್ ಟೈಮರ್ ಸಾಕಾ?

ಪ್ರಶ್ನೆ (ಚಿಕ್ಕಮಗಳೂರು): 25 ಲೀಟರ್, 2000 ವ್ಯಾಟ್‌ನ ಹಳೇ ಗೀಸರ್. ಬೆಳಗ್ಗೆ 5ಕ್ಕೆ ತಾನೇ ಆನ್ ಆಗಬೇಕು. ಪ್ಲಗ್‌ಗೆ ಸಿಗಿಸೋ 10 ಆಂಪಿಯರ್ ಟೈಮರ್ ಸಾಕಾ?

ಉತ್ತರ 1: ಬೇಡ ಸರ್. 230 ವೋಲ್ಟ್‌ಗೆ ಸುಮಾರು 8.7 ಆಂಪಿಯರ್ ಎಳೆಯುತ್ತೆ. ಲೆಕ್ಕಕ್ಕೆ ಸರಿ, ಆದ್ರೆ ದಿನಾ ಇಷ್ಟು ಲೋಡ್ ಬಿದ್ರೆ ಒಳಗಿನ ರಿಲೇ (ಆನ್-ಆಫ್ ಮಾಡೋ ಪುಟ್ಟ ಸ್ವಿಚ್) ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಳ್ಳಬಹುದು. ಆಮೇಲೆ ಆಫೇ ಆಗಲ್ಲ. ಡಿನ್ ರೈಲ್ (ಡಬ್ಬಿಯೊಳಗಿನ ಲೋಹದ ಪಟ್ಟಿ) ಮೇಲೆ ಕೂರೋ ಡಿಜಿಟಲ್ ಟೈಮರ್ ಹಾಕಿ, ಅದರಿಂದ 25 ಆಂಪಿಯರ್ ಕಾಂಟ್ಯಾಕ್ಟರ್‌ನ (ದೊಡ್ಡ ಲೋಡ್ ತಡೆಯೋ ವಿದ್ಯುತ್ ಚಾಲಿತ ಸ್ವಿಚ್) ಕಾಯಿಲ್, ಅಂದ್ರೆ ಅದನ್ನ ಎಳೆಯೋ ಸುರುಳಿ, ಮಾತ್ರ ಓಡಿಸಿ. ಗೀಸರ್ ಲೋಡ್ ಕಾಂಟ್ಯಾಕ್ಟರ್ ಹೊರಲಿ. 16 ಆಂಪಿಯರ್ ಎಂಸಿಬಿ (ಲೋಡ್ ಜಾಸ್ತಿಯಾದ್ರೆ ಕಡಿಯೋ ಸ್ವಿಚ್), 2.5 ಚದರ ಮಿ.ಮೀ. ತಾಮ್ರದ ವೈರ್, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಕಡಿಯೋ ಸ್ವಿಚ್) ಹಾಕಿ. ಇವನ್ನ ಕೂರಿಸೋ ಡಬ್ಬಿ ಬಚ್ಚಲಿನ ಹೊರಗಿರಲಿ. ಟೈಮರ್‌ಗೆ ನ್ಯೂಟ್ರಲ್ ವೈರ್ ಕೂಡ ಬೇಕು, ಬರೀ ಸ್ವಿಚ್ ಇರೋ ಬಾಕ್ಸಲ್ಲಿ ಅದು ಸಿಗದೇ ಇರಬಹುದು.

ಉತ್ತರ 2: ಬ್ಯಾಟರಿ ಬ್ಯಾಕಪ್ ಇರೋದೇ ತಗೊಳ್ಳಿ. ಮಲೆನಾಡಿನ ಮಳೆಗಾಲದ ಕರೆಂಟ್ ಗೊತ್ತಲ್ಲ! ಡಯಲ್ ತಿರುಗೋ ಟೈಮರ್ ಕರೆಂಟ್ ಹೋದಾಗ ನಿಂತುಬಿಡುತ್ತೆ. ಮೂರು ಗಂಟೆ ಹೋದ್ರೆ ಗೀಸರ್ ಎಂಟಕ್ಕೆ ಆನ್.

ಪ್ರಶ್ನೆ: ಎಷ್ಟು ಹೊತ್ತು ಸೆಟ್ ಮಾಡ್ಲಿ?

ಉತ್ತರ 1: 20 ಡಿಗ್ರಿ ನೀರು 60ಕ್ಕೇರಲು ಸುಮಾರು 35 ನಿಮಿಷ, 1.2 ಯೂನಿಟ್. 45 ನಿಮಿಷ ಇಡಿ. ಟೈಮರ್ ಹಾಕಿಸೋ ಮುಂಚೆ, ನೀರು ಕಾದಾಗ ಥರ್ಮೋಸ್ಟಾಟ್ ತಾನೇ ಕಟ್ ಆಗ್ತಿದೆಯಾ, ಪ್ರೆಶರ್ ವಾಲ್ವ್ ಕಟ್ಟಿಕೊಂಡಿದೆಯಾ ನೋಡಿಸಿ. ಟೈಮರ್ ಇದೆ ಅಂತ ಅವೆರಡನ್ನೂ ಬೈಪಾಸ್ ಮಾಡಿಸಿದ್ರೆ ಟ್ಯಾಂಕೇ ಸಿಡಿಯಬಹುದು.